ಸೋಫಾದ ಆ ಕಡೆ ಮೇಷ್ಟ್ರು

ಹೆಂಡತಿ: ರೀ, ಸುಮ್ಮಸುಮ್ಮನೆ ತಳ್ಳಬೇಡಿ. ನೀವು ಆ ಕಡೆಯಿಂದ ತಳ್ಳಿದಷ್ಟೂ ಈ ಕಡೆ ಗೋಡೆಯ ಸುಣ್ಣ ಉದುರ್ತಿದೆ.

ಮೇಷ್ಟ್ರು: ತಳ್ಳದೆ ಇನ್ನೇನೇ ಮಾಡ್ಲಿ? ಮೈಮೇಲೆ ಇರೋದು ಒಂದು ಟವೆಲ್ಲು. ಅದೂ ಕೈ ಒರೆಸೋದು!

ಹೆಂಡತಿ: ಕೈ ಒರೆಸೋದನ್ನ ಯಾಕೆ ಸುತ್ತಿಕೊಂಡ್ರಿ?

ಮೇಷ್ಟ್ರು: ಮೈ ಒರೆಸೋದನ್ನ ನೀನು ಒಗೆಯೋಕೆ ಹಾಕಿದೀಯಲ್ಲ! ಮನೆಗೆ ಸೋಫಾ ಬರೋ ದಿನವೇ ನಿನಗೆ ಒಗೆಯೋ ಹುಮ್ಮಸ್ಸು ಬರಬೇಕಾ?

ಮಗಳು: ಅಪ್ಪಾ, ಒಂದ್ನಿಮಿಷ ಅಲುಗಾಡಬೇಡ. ನಾನು ಕೋನ ನೋಡ್ತಿದೀನಿ.

ಮೇಷ್ಟ್ರು: ನೋಡಮ್ಮಾ, ನೋಡು. ಅಪ್ಪನ ಮಾನ ಹೋಗ್ತಿದೆ, ಮಗಳು ಕೋನದ ಮಾನ ನೋಡ್ತಿದಾಳೆ.

ನಡೆದದ್ದು ಇಷ್ಟೇ. ಹಾಲಿನಿಂದ ಒಳಕೋಣೆಗೆ ಹೋಗುವ ಪ್ಯಾಸೇಜು ಮಧ್ಯದಲ್ಲಿ ಬಲಕ್ಕೆ ತಿರುಗುತ್ತದೆ. ಮೇಷ್ಟ್ರು ಸ್ನಾನಕ್ಕೆ ಹೋದಾಗ ಅದು ಪ್ಯಾಸೇಜಾಗಿಯೇ ಇತ್ತು. ಮುಗಿಸಿ ಬಂದು ನೋಡಿದರೆ, ಮೂರು ಜನ ಕೂರುವಂಥ ಸೋಫಾ ಒಂದು ತುದಿಯ ಮೇಲೆ ನೆಟ್ಟಗೆ ನಿಂತು, ಬಾಟಲಿಗೆ ಬಿರಡೆ ಜಡಿದಂತೆ ತಿರುವಿನಲ್ಲಿ ಕಚ್ಚಿಕೊಂಡಿತ್ತು. ಅದನ್ನು ಹೊತ್ತು ತಂದ ಇಬ್ಬರು ಸಾಕಷ್ಟು ಒದ್ದು, ಗುದ್ದಿ, ಕೊನೆಗೆ “ಹಗ್ಗ ತರ್ತೀವಿ” ಎಂದು ಹೇಳಿ ಇನ್ನೊಬ್ಬರ ಮನೆಗೆ ಮಂಚ ಇಳಿಸಲು ಹೋದರು. ಬಚ್ಚಲು ಮತ್ತು ಒಳಕೋಣೆ ಮೇಷ್ಟ್ರ ಪಾಲಿಗೆ ಬಂದವು. ಬಟ್ಟೆಯ ಬೀರು, ಹೆಂಡತಿ, ಮಗಳು ಮತ್ತು ಉಳಿದ ಜಗತ್ತು ಈ ಕಡೆ ಉಳಿದವು. ಸೋಫಾದ ಕೈಗೂ ಗೋಡೆಗೂ ನಡುವೆ ಒಂದು ತ್ರಿಕೋನಾಕಾರದ ಸಂದು ಇತ್ತು. ಅದರಲ್ಲಿ ಮೇಷ್ಟ್ರ ಮೂಗು, ಮೀಸೆ ಮತ್ತು ಅಭಿಪ್ರಾಯಗಳು ಮಾತ್ರ ಹಾದು ಬರುತ್ತಿದ್ದವು.

ಸೋಫಾ ಸಾಮಾನ್ಯದ್ದಲ್ಲ. ಮಗಳ ಓದು ಅದರ ಮೇಲೆ ಕೂತಿತ್ತು. ಅವಳು ಓದುತ್ತಿರುವುದು ಗಣಿತದ ಡಿಗ್ರಿ; ಆದರೆ ನಡುವಿನ ಒಂದು ವರ್ಷ ಕಾಲೇಜು ಬಿಟ್ಟು ಯಾವುದಾದರೂ ಕಂಪನಿಯಲ್ಲಿ ಕೆಲಸ ಮಾಡಿ ಬರಬೇಕಾದ ಹೊಸ ಮಾದರಿಯದು. ಪ್ಲೇಸ್‌ಮೆಂಟ್ ಎಂದು ಅದಕ್ಕೆ ಹೆಸರು. ಗೆಳತಿಯರಿಗೆ ಬ್ಯಾಂಕು, ವಿಮೆ, ಹವಾಮಾನದ ಕಚೇರಿ ಎಂದು ಸಿಕ್ಕಿದವು. ಇವಳಿಗೆ ಸೋಫಾ ಕಂಪನಿ ಸಿಕ್ಕಿತು. ಗಿರಾಕಿಯ ಮನೆಯೊಳಗೆ ಸೋಫಾ ನುಗ್ಗುತ್ತದೋ ಇಲ್ಲವೋ ಎಂದು ಮೊದಲೇ ಲೆಕ್ಕ ಹಾಕಿ ಹೇಳುವ ಕೆಲಸ. ಕೆಲಸ ಖಾಯಂ ಆಗುವ ಮುನ್ನ ಒಂದು ಸೋಫಾವನ್ನು ಅಳತೆಯಿಂದ ಹಿಡಿದು ಕೋಣೆ ಸೇರಿಸುವ ತನಕ ತಾನೇ ನಿಭಾಯಿಸಿ ತೋರಿಸಬೇಕು. ಮ್ಯಾನೇಜರು ಖುದ್ದಾಗಿ ಬಂದು ನೋಡುತ್ತಾರೆ. ಸೋಫಾ ಒಳಗಿದ್ದರೆ ಹುಡುಗಿಯೂ ಒಳಗೆ. ಸೋಫಾ ಹೊರಗಿದ್ದರೆ ಹುಡುಗಿಯೂ ಹೊರಗೆ, ವಾಪಸು ಸಾದಾ ಡಿಗ್ರಿಗೆ. ಸುಲಭವಾಗಲಿ ಎಂದು ಅವಳು ಸ್ವಂತ ಮನೆಯನ್ನೇ ಆರಿಸಿಕೊಂಡಿದ್ದಳು. ಸೋಫಾ ಒಳಗೂ ಅಲ್ಲದೆ ಹೊರಗೂ ಅಲ್ಲದೆ ನಿಂತರೆ ಹುಡುಗಿಯ ಗತಿ ಏನು ಎಂಬುದನ್ನು ಕಾಲೇಜಿನ ನಿಯಮ ಹೇಳಿರಲಿಲ್ಲ.

ಮೇಷ್ಟ್ರಿಗೆ ಈ ಏರ್ಪಾಟು ಮೊದಲಿನಿಂದಲೂ ಹಿಡಿಸಿರಲಿಲ್ಲ. ಹೈಸ್ಕೂಲಿನಲ್ಲಿ ಒಂದು ತಲೆಮಾರಿಗೆ ಲೆಕ್ಕ ಹೇಳಿಕೊಟ್ಟು, ಇನ್ನೊಂದು ತಲೆಮಾರನ್ನು ಲೆಕ್ಕದಿಂದ ಓಡಿಸಿ ನಿವೃತ್ತರಾದವರು. ಗಣಿತದ ಕೈಲಿ ಕೆಲಸ ಮಾಡಿಸುವುದೆಂದರೆ ಅವರ ಪಾಲಿಗೆ ಮನೆಗೆ ಬಂದ ಹಿರಿಯರ ಕೈಗೆ ಪೊರಕೆ ಕೊಟ್ಟ ಹಾಗೆ.

ಮೇಷ್ಟ್ರು: ನಾನು ಅವತ್ತೇ ಬಡ್ಕೊಂಡೆ. ಗಣಿತ ಓದೋರು ಪೆನ್ಸಿಲಿಗಿಂತ ಭಾರದ್ದು ಎತ್ತಬಾರದು ಅಂತ.

ಮಗಳು: ಎತ್ತಿದ್ದು ನಾನಲ್ಲಪ್ಪಾ, ಲೋಡಿಂಗಿನೋರು. ನಾನು ದಾರಿ ಹೇಳಿದೆ ಅಷ್ಟೇ.

ಮೇಷ್ಟ್ರು: ಭಾಳ ಚೆನ್ನಾಗಿ ಹೇಳಿದೆ. ನಿನ್ನ ಸೋಫಾಗೆ ದಾರಿ ಸಿಗಲಿಲ್ಲ, ನನಗೆ ಇದ್ದ ದಾರಿನೂ ಹೋಯ್ತು. ಪ್ಲೇಸ್‌ಮೆಂಟ್ ಅಂದ್ರೆ ಏನು? ಜಾಗ ಸಿಗೋದು. ಸೋಫಾಗೇ ಸಿಗದ ಜಾಗ ನಿನಗೆಲ್ಲಿ ಸಿಗತ್ತೆ?

ಹೆಂಡತಿ: ಮಗು ಮೊದಲೇ ಹೆದರಿದೆ, ಇನ್ನಷ್ಟು ಕುಟುಕಬೇಡಿ. ಒಂದೈದು ನಿಮಿಷ, ಸರಿಹೋಗತ್ತೆ.

ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಮೇಜಿನಲ್ಲಿ ಕೂರುವವಳು. ದವಡೆ ಹಿಡಿದುಕೊಂಡು ಬಂದವರಿಗೆಲ್ಲ “ಒಂದೈದು ನಿಮಿಷ” ಎಂದು ಹೇಳಿ ಹೇಳಿ, ಅವಳ ಬಾಯಲ್ಲಿ ಆ ಐದು ನಿಮಿಷಕ್ಕೂ ಗಡಿಯಾರಕ್ಕೂ ಸಂಬಂಧ ಕಡಿದು ಹೋಗಿತ್ತು. ಈಗ ಅವಳು ಸೋಫಾದ ಬೆನ್ನಿಗೆ ಎರಡು ಬೆರಳಿಟ್ಟು ಪರೀಕ್ಷೆ ಮಾಡಿದಳು.

ಹೆಂಡತಿ: ಅಲುಗಾಡ್ತಾನೇ ಇಲ್ಲ ಕಣೇ. ಅಲುಗಾಡೋದನ್ನ ಕೀಳೋದು ಸುಲಭ. ಇದು ಬುದ್ಧಿಹಲ್ಲಿನ ಥರ ಅಡ್ಡ ಕೂತಿದೆ.

ಮೇಷ್ಟ್ರು: ಈ ಮನೆಗೆ ಬುದ್ಧಿ ಅಂತ ಬಂದಿದ್ದು ಇದೊಂದೇ. ಅದೂ ಅಡ್ಡ.

ಹೆಂಡತಿ: ನಿಮಗೆ ನೋವಾಗ್ತಿದೆಯಾ?

ಮೇಷ್ಟ್ರು: ಚಳಿ ಆಗ್ತಿದೆ! ಶರ್ಟು ಕೊಡೇ!

ಶರ್ಟು ಸಂದಿನಲ್ಲಿ ಸಲೀಸಾಗಿ ತೂರಿತು. ಪ್ಯಾಂಟಿನ ಸರದಿ ಬಂದಾಗ ಬೆಲ್ಟಿನ ಬಕಲು ಸೋಫಾದ ಹೊಲಿಗೆಗೆ ಸಿಕ್ಕಿಕೊಂಡಿತು. ಎಳೆದರೆ ಹರಿಯುವುದು ಪ್ಯಾಂಟೋ ಸೋಫಾವೋ ಎಂದು ತಿಳಿಯದೆ ಗಂಡ ಹೆಂಡತಿ ಇಬ್ಬರೂ ಏಕಕಾಲಕ್ಕೆ ಕೈ ಬಿಟ್ಟರು. ಆ ಮನೆಯಲ್ಲಿ ಒಮ್ಮತ ಮೂಡಿದ ಅಪರೂಪದ ಗಳಿಗೆ ಅದು.

ಮೇಷ್ಟ್ರು: ಒಂದು ಕಾಲು ನನಗೆ ಬಂತು.

ಹೆಂಡತಿ: ಇನ್ನೊಂದು ನನ್ನ ಹತ್ರ ಇದೆ.

ಮೇಷ್ಟ್ರು: ಮದುವೆ ಆದಾಗಿಂದ ಇದೇ ಕಥೆ. ನನ್ನ ಕಾಲು ಎಳೆಯೋದು ಬಿಟ್ಟು ನಿನಗೆ ಬೇರೆ ಕೆಲಸ ಇಲ್ಲ.

ಮಗಳು: ಇನ್ನೊಂದು ಸಲ ಪ್ರಯತ್ನ ಮಾಡೋಣ. ಅಪ್ಪಾ, ನೀನು ಮೇಲಿನ ತುದಿ ಹಿಡ್ಕೊಂಡು ಎಡಕ್ಕೆ ಒತ್ತು.

ಮೇಷ್ಟ್ರು: ಯಾರ ಎಡ? ನಿನ್ನದಾ, ನನ್ನದಾ, ಸೋಫಾದ್ದಾ?

ಮಗಳು: ನಿನ್ನದು.

ಹೆಂಡತಿ: ಹಾಗಾದ್ರೆ ನಾನು ಬಲಕ್ಕೆ ಒತ್ತಬೇಕಾ?

ಮಗಳು: ಹೌದಮ್ಮಾ. ಅಲ್ಲ, ಆ ಬಲ ಅಲ್ಲ! ಅಯ್ಯೋ, ನೀವಿಬ್ಬರೂ ಒಬ್ಬರಿಗೊಬ್ಬರು ಎದುರು ಒತ್ತುತ್ತಿದೀರಾ!

ಹೆಂಡತಿ: ಅಭ್ಯಾಸ ಕಣೇ.

ಸೋಫಾ ಇನ್ನೂ ಒಂದು ಎಳೆಯಷ್ಟು ಬಿಗಿಯಾಯಿತು. ಮೇಷ್ಟ್ರು ಒಳಕೋಣೆಯ ಕಿಟಕಿಯ ಕಡೆ ಆಸೆಯಿಂದ ನೋಡಿದರು. ಕಿಟಕಿಗೆ ಸರಳುಗಳಿದ್ದವು. ಕಳ್ಳರ ಭಯಕ್ಕೆಂದು ಅವರೇ ನಿಂತು ಹಾಕಿಸಿದ್ದು. ಮನೆಯಲ್ಲಿ ಕದಿಯುವಂಥದ್ದು ಏನೂ ಇರಲಿಲ್ಲ ಎಂಬುದು ಬೇರೆ ಮಾತು.

ಮೇಷ್ಟ್ರು: ನಿಮ್ಮ ಅಣ್ಣ ಫೋನ್ ಮಾಡಿದಾಗ, ಮಗಳು ಸ್ಪೇಸ್ ವಿಭಾಗದಲ್ಲಿ ಕೆಲಸ ಮಾಡ್ತಿದಾಳೆ ಅಂತ ಹೇಳಿದೀನಿ. ಈಗ ನನ್ನ ಮುಖ ಎಲ್ಲಿ ಇಟ್ಕೊಳ್ಳಲಿ?

ಹೆಂಡತಿ: ಅವನು ರಾಕೆಟ್ಟು ಅಂದ್ಕೊಂಡು ಊರೆಲ್ಲ ಹೇಳಿದಾನೆ.

ಮೇಷ್ಟ್ರು: ನಾನೇನು ಸುಳ್ಳು ಹೇಳಿಲ್ಲ. ಮನೆಯೊಳಗಿನ ಖಾಲಿ ಜಾಗನೂ ಸ್ಪೇಸೇ.

ಮಗಳು: ನಗಬೇಡ ಅಪ್ಪಾ. ಮೂಲೆ ತಿರುಗಿಸೋಕೆ ಸಾಧ್ಯ ಇರೋ ಅತಿ ದೊಡ್ಡ ಸೋಫಾ ಯಾವ ಆಕಾರದ್ದು ಅಂತ ಗಣಿತದೋರು ವರ್ಷಗಟ್ಟಲೆ ತಲೆ ಕೆಡಿಸ್ಕೊಂಡಿದಾರೆ. ನಮಗೆ ಕ್ಲಾಸಲ್ಲೇ ಹೇಳಿದ್ರು.

ಮೇಷ್ಟ್ರು: ಅವರ ಮನೇಲಿ ಬಚ್ಚಲು ಯಾವ ಕಡೆ ಇತ್ತಂತೆ?

ಮಗಳು ಸೋಫಾದ ಬುಡದಲ್ಲಿ ಮಂಡಿಯೂರಿ, ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಿ, ಮತ್ತೆ ಸಂದಿನ ಹತ್ತಿರ ಬಂದಳು.

ಮಗಳು: ಅಪ್ಪಾ, ಒಂದು ವಿಷಯ ಕೇಳ್ತೀನಿ. ಕೋಪ ಮಾಡ್ಕೋಬಾರದು.

ಮೇಷ್ಟ್ರು: ಕೋಪ ಆಗಲೇ ಬಂದು ಕೂತಿದೆ. ನೀನು ಕೇಳು.

ಮಗಳು: ಭಾನುವಾರ ಈ ತಿರುವಿನ ಅಗಲ ಅಳೆದ್ವಲ್ಲ, ಟೇಪು ಎಷ್ಟು ತೋರಿಸ್ತು?

ಮೇಷ್ಟ್ರು: ಎಂಬತ್ತೆರಡು.

ಮಗಳು: ಈ ಸೋಫಾ ತಿರುಗೋಕೆ ಎಂಬತ್ತೊಂದು ಮುಕ್ಕಾಲು ಸೆಂಟಿಮೀಟರು ಇದ್ರೆ ಸಾಕು. ಹಾಗಾದ್ರೆ ನುಸುಳ್ಕೊಂಡು ಹೋಗಬೇಕಿತ್ತು. ಗೋಡೆ ಏನಾದ್ರೂ ಸೊಟ್ಟ ಇದೆಯಾ?

ಮೇಷ್ಟ್ರು: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಳೆಯಲಾರದವಳು ಗೋಡೆ ಡೊಂಕು ಅಂತಿದಾಳೆ.

ಮಗಳು: ಅಳತೆ ಓದಿದ್ದು ನೀನು!

ಮೇಷ್ಟ್ರು: ಹಾಗಾದ್ರೆ ಗೋಡೆ ಡೊಂಕೇ.

ಹೆಂಡತಿ: ಗೋಡೆ ಬಾತಿರಬಹುದಾ? ಬೆಳಿಗ್ಗೆ ಹೊತ್ತು ವಸಡು ಹಾಗೇ ಬಾತಿರತ್ತೆ.

ಮೇಷ್ಟ್ರು: ಉಪ್ಪುನೀರು ಮುಕ್ಕಳಿಸೋಕೆ ಹೇಳು ಗೋಡೆಗೆ.

ಮಗಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಮ್ಯಾನೇಜರು ಬರುವ ಹೊತ್ತಾಗಿತ್ತು.

ಮಗಳು: ಅಗಲ ಸರಿ ಇದೆ ಅಂದ್ರೆ ನನ್ನ ಲೆಕ್ಕವೇ ತಪ್ಪು. ತಿರುಗಿಸೋದ್ರಲ್ಲಿ ಎಲ್ಲೋ ಎಡವಿದೀನಿ. ಸರ್ ಬಂದ ತಕ್ಷಣ ಒಪ್ಪಿಕೊಂಡುಬಿಡ್ತೀನಿ, ನನ್ನ ಕೈಲಿ ಆಗಲ್ಲ ಅಂತ.

ಹೆಂಡತಿ: ಆಮೇಲೆ ನಿನ್ನ ಪ್ಲೇಸ್‌ಮೆಂಟು?

ಮಗಳು: ಹೋಯ್ತು. ಸಾದಾ ಡಿಗ್ರಿಗೆ ವಾಪಸು.

ಸಂದಿನಲ್ಲಿ ಮೇಷ್ಟ್ರ ಮೀಸೆ ನಿಧಾನವಾಗಿ ಅರಳಿತು. ಅವರ ಬೆನ್ನ ಹಿಂದೆ, ಒಳಕೋಣೆಯಲ್ಲಿ, ಹಳೆಯದೊಂದು ಕರಿಹಲಗೆ ಗೋಡೆಗೊರಗಿ ಕಾಯುತ್ತಿತ್ತು. ಮಗಳು ಈ ಕಂಪನಿ ಗಿಂಪನಿ ಬಿಟ್ಟು ಡಿಗ್ರಿ ಮುಗಿಸಿಕೊಂಡು ಬಂದು, ಆ ಕೋಣೆಯಲ್ಲಿ ತಮ್ಮ ಜೊತೆ ಮನೆಪಾಠ ಶುರು ಮಾಡಬೇಕೆಂಬುದು ಅವರ ಆಸೆ. ಅದೇ ಕೋಣೆಯಲ್ಲಿ ಸೋಫಾ ಹಾಕಿ, ಕ್ಲಿನಿಕ್ಕಿನಿಂದ ಬಂದ ಮೇಲೆ ಕಾಲು ಚಾಚಿ ಮಲಗಬೇಕೆಂಬುದು ಹೆಂಡತಿಯ ಆಸೆ. ಎರಡು ಆಸೆಗಳೂ ಸಮಾನಾಂತರ ರೇಖೆಗಳಂತೆ, ಎಲ್ಲೂ ಸಂಧಿಸದೆ, ಒಂದೇ ಮನೆಯಲ್ಲಿ ನೆಮ್ಮದಿಯಾಗಿ ಸಾಗಿ ಬಂದಿದ್ದವು.

ಮೇಷ್ಟ್ರು: (ದನಿಯಲ್ಲಿ ಜೇನು ಬೆರೆಸಿ) ಹೋದ್ರೆ ಹೋಗ್ಲಿ ಬಿಡು ಪುಟ್ಟಿ. ಆ ಕಂಪನಿಯಲ್ಲಿ ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ. ನನ್ನ ಜೊತೆ ಪಾಠಕ್ಕೆ ನಿಂತ್ಕೋ, ಬರೀ ಲೆಕ್ಕ.

ಹೆಂಡತಿ: ಆಟ?

ಮೇಷ್ಟ್ರು: ಲೆಕ್ಕದಲ್ಲಿ ಆಟ ಯಾಕೆ ಬೇಕೇ?

ಬಾಗಿಲ ಗಂಟೆ ಸದ್ದು ಮಾಡಿತು. ಮ್ಯಾನೇಜರು ಬಂದರು. ದಪ್ಪಗೆ, ಮೆತ್ತಗೆ, ಎಲ್ಲಿ ಒತ್ತಿದರೆ ಅಲ್ಲಿ ತಗ್ಗುವಂಥ ಮನುಷ್ಯ. ವರ್ಷಗಟ್ಟಲೆ ಸೋಫಾ ಮಾರಿ ಅದರದೇ ಹೋಲಿಕೆ ಬಂದಿತ್ತು. ಮಾರುವುದು ಬೆಳಿಗ್ಗೆಯ ಕೆಲಸ, ಸಿಕ್ಕಿಕೊಂಡ ಸೋಫಾಗಳಿಗಾಗಿ ಕ್ಷಮೆ ಕೇಳುವುದು ಮಧ್ಯಾಹ್ನದ್ದು.

ಮ್ಯಾನೇಜರ್: ನಮಸ್ಕಾರ. ಸೋಫಾ ಬಂತೇನಮ್ಮಾ?

ಮಗಳು: ಬಂತು ಸರ್... ಅಂದ್ರೆ, ಬರ್ತಾ ಇದೆ.

ಮ್ಯಾನೇಜರ್: (ಪ್ಯಾಸೇಜಿನಲ್ಲಿ ಇಣುಕಿ) ಓ. ಇಲ್ಲೂ ಅದೇ ಹಣೆಬರಹ.

ಮೇಷ್ಟ್ರು: ನಮಸ್ಕಾರ ಸರ್! ನಾನು ಹುಡುಗಿಯ ತಂದೆ, ನಿವೃತ್ತ ಮೇಷ್ಟ್ರು!

ಮ್ಯಾನೇಜರ್: (ಬೆಚ್ಚಿ ಹಿಂದೆ ಸರಿದು) ಸೋಫಾದೊಳಗೆ ಯಾರೋ ಇದಾರೆ!

ಹೆಂಡತಿ: ಒಳಗಲ್ಲ ಸರ್, ಹಿಂದೆ. ನಮ್ಮನೆಯವರು. ಕೂತ್ಕೊಳ್ಳಿ, ಒಂದೈದು ನಿಮಿಷ, ಬರ್ತಾರೆ.

ಮ್ಯಾನೇಜರ್: ಛೆ ಛೆ, ನನಗೋಸ್ಕರ ಎದ್ದು ಬರೋ ತೊಂದರೆ ತಗೋಬೇಡಿ ಮೇಷ್ಟ್ರೇ.

ಮೇಷ್ಟ್ರು: ತಗೊಂಡ್ರೂ ಬರೋ ಹಾಗಿಲ್ಲ ಸರ್.

ಮ್ಯಾನೇಜರ್: ಮತ್ತೆ ಈ ಪ್ಯಾಂಟು?

ಹೆಂಡತಿ: ಅದೂ ಅವರದೇ. ಕಂತಿನಲ್ಲಿ ಹೋಗ್ತಿದೆ.

ಮ್ಯಾನೇಜರು ದೀರ್ಘವಾಗಿ ಉಸಿರು ಬಿಟ್ಟರು. ಸ್ಪಂಜಿನಿಂದ ಗಾಳಿ ಹೋದಂತೆ ಕೇಳಿಸಿತು.

ಮ್ಯಾನೇಜರ್: ಅಳತೆ ಯಾರು ತಗೊಂಡಿದ್ದಮ್ಮಾ?

ಮಗಳು: ಜವಾಬ್ದಾರಿ ನಂದು ಸರ್. ತಪ್ಪೂ ನಂದೇ.

ಮೇಷ್ಟ್ರು ಇಲ್ಲಿ ಸುಮ್ಮನಿದ್ದಿದ್ದರೆ ಸಾಕಿತ್ತು. ಪ್ಲೇಸ್‌ಮೆಂಟು ಮುಗಿದು, ಕರಿಹಲಗೆ ಗೆದ್ದು, ಅವರ ಆಸೆ ಕೈಗೂಡುತ್ತಿತ್ತು. ಆದರೆ ತಮ್ಮ ಅಳತೆ ಇನ್ನೊಬ್ಬರ ಹೆಸರಿಗೆ ಹೋಗುವುದನ್ನು, ಬೈಗುಳದ ರೂಪದಲ್ಲಿ ಹೋದರೂ ಸರಿಯೇ, ಅವರು ಸಹಿಸುವವರಲ್ಲ.

ಮೇಷ್ಟ್ರು: ಸುಳ್ಳು! ಅವಳು ಬರೀ ಟೇಪಿನ ತುದಿ ಹಿಡ್ಕೊಂಡಿದ್ದಳು. ಓದಿದ್ದು ನಾನು. ಎಂಬತ್ತೆರಡು. ನಂಬಿಕೆ ಇಲ್ದಿದ್ರೆ ಇನ್ನೊಂದ್ಸಲ ಅಳೀರಿ!

ಮ್ಯಾನೇಜರು ಜೇಬಿನಿಂದ ಉಕ್ಕಿನ ಟೇಪು ತೆಗೆದು, ಸೋಫಾದ ಬುಡದ ಸಂದಿನಲ್ಲಿ ನೆಲಕ್ಕೆ ತಾಗಿಸಿ ಆ ಕಡೆಗೆ ಸರಿಸಿದರು. ಅದರ ತುದಿ ಈ ಕಡೆಯ ಗೋಡೆಗೆ ಅಂಟಿ ನಿಂತಿತು. ಆ ಕಡೆ ಮೇಷ್ಟ್ರು ಒಂದು ಕೈಯಲ್ಲಿ ಟವೆಲ್ಲನ್ನೂ ಇನ್ನೊಂದು ಕೈಯಲ್ಲಿ ಗಣಿತದ ಗೌರವವನ್ನೂ ಹಿಡಿದುಕೊಂಡು ಬಗ್ಗಿದರು.

ಮೇಷ್ಟ್ರು: ಎಂಬತ್ತೆರಡು! ಹೇಳಲಿಲ್ವಾ ನಾನು?

ಮ್ಯಾನೇಜರ್: ಹಾಗಾದ್ರೆ ನಮ್ಮ ಸೋಫಾನೇ ಉಬ್ಬಿದೆಯೋ ಏನೋ.

ಹೆಂಡತಿ: ನಾನೂ ಅದನ್ನೇ ಅಂದೆ ಸರ್. ಬಾವು.

ಮಗಳು: (ಎದ್ದು ನಿಂತು) ಅಪ್ಪಾ, ನೀನು ಸಂಖ್ಯೆ ಹೇಳಬೇಡ. ಗೋಡೆಯ ಅಂಚು ಟೇಪಿನ ಯಾವ ಗೆರೆ ಮೇಲಿದೆ, ಅಷ್ಟು ಹೇಳು.

ಮೇಷ್ಟ್ರು: ಎಂಬತ್ತೊಂದು ದಾಟಿದೆ. ಅರ್ಧದ ಗೆರೆನೂ ದಾಟಿ, ಅದರ ಪಕ್ಕದ ಸಣ್ಣ ಗೆರೆ ಮೇಲಿದೆ.

ಮಗಳು: ಅಂದ್ರೆ?

ಮೇಷ್ಟ್ರು: ಅಂದ್ರೆ ಎಂಬತ್ತೆರಡು.

ಗೋಡೆಯಿಂದ ಇನ್ನಷ್ಟು ಸುಣ್ಣ ಉದುರಿದ್ದು ಸ್ಪಷ್ಟವಾಗಿ ಕೇಳಿಸಿತು.

ಮಗಳು: ಅದು ಎಂಬತ್ತೆರಡು ಅಲ್ಲಪ್ಪಾ, ಎಂಬತ್ತೊಂದು ಮುಕ್ಕಾಲಿಗೂ ಕಮ್ಮಿ!

ಮೇಷ್ಟ್ರು: ಯಾಕಲ್ಲ? ಅರ್ಧಕ್ಕಿಂತ ಹೆಚ್ಚಿದ್ರೆ ಮೇಲಕ್ಕೆ, ಕಮ್ಮಿ ಇದ್ರೆ ಕೆಳಕ್ಕೆ. ಚಿಕ್ಕ ಕ್ಲಾಸಿನ ಮಕ್ಕಳಿಗೂ ಗೊತ್ತು.

ಮಗಳು: ಮಕ್ಕಳಿಗೆ ಗೊತ್ತು, ಗೋಡೆಗೆ ಗೊತ್ತಿಲ್ಲ! ಅದು ಎಲ್ಲಿದೆಯೋ ಅಲ್ಲೇ ಇರತ್ತೆ!

ಮೇಷ್ಟ್ರು: ನೋಡು ಪುಟ್ಟಿ, ಚಿಲ್ಲರೆ ಬಂತು ಅಂದ್ರೆ ಎಲ್ಲೋ ತಪ್ಪಿದೀವಿ ಅಂತ ಅರ್ಥ. ಯಾವ ಪುಸ್ತಕ ಬೇಕಾದ್ರೂ ತೆಗಿ, ಸರಿಯಾದ ಉತ್ತರ ಪೂರ್ತಿ ಸಂಖ್ಯೆಯಲ್ಲೇ ಬರತ್ತೆ. ಬಾವಿ ತೋಡೋಕೆ ಆರೂವರೆ ಆಳು ಬೇಕು ಅಂತ ಒಬ್ಬ ಹುಡುಗ ಬರೆದಿದ್ದ. ಆ ಅರ್ಧ ಆಳನ್ನ ಕರ್ಕೊಂಡು ಬಾ, ಆಮೇಲೆ ಮಾರ್ಕು ಕೊಡ್ತೀನಿ ಅಂದೆ.

ಹೆಂಡತಿ: ಇವರಿಗೆ ಮೊದಲಿಂದಲೂ ಭಿನ್ನರಾಶಿ ಕಂಡ್ರೆ ಆಗಲ್ಲ ಸರ್. ಭಿನ್ನಾಭಿಪ್ರಾಯ ಕಂಡ್ರಂತೂ ಕೇಳಲೇಬೇಡಿ.

ಮ್ಯಾನೇಜರ್: ಅಂದ್ರೆ ಮೇಷ್ಟ್ರೇ, ಗೋಡೆ ತಪ್ಪು ಉತ್ತರ ಬರೆದಿತ್ತು. ನೀವು ತಿದ್ದಿದ್ರಿ.

ಮೇಷ್ಟ್ರು: ಅಷ್ಟೇ ಸರ್. ತಿದ್ದೋದು ಮೇಷ್ಟ್ರ ಧರ್ಮ.

ಮಗಳು ತಲೆಗೆ ಕೈಯಿಟ್ಟುಕೊಂಡಿದ್ದವಳು ಆ ಕೈಯನ್ನು ನಿಧಾನವಾಗಿ ಇಳಿಸಿದಳು.

ಮಗಳು: ಸರ್, ನಮ್ಮ ಆಫೀಸಿಗೆ ಗಿರಾಕಿಗಳು ಫೋನ್ ಮಾಡಿ ಹೇಳೋ ಅಳತೆಗಳನ್ನ ಸೇರಿದಾಗಿಂದ ನೋಡ್ತಿದೀನಿ. ಒಂದರಲ್ಲೂ ಚಿಲ್ಲರೆ ಇಲ್ಲ. ನಮ್ಮ ಗಾರೆಯವರು ಎಷ್ಟು ಅಚ್ಚುಕಟ್ಟು ಅಂತ ಅಂದ್ಕೊಂಡಿದ್ದೆ.

ಮ್ಯಾನೇಜರ್: ನಮ್ಮ ಗಾರೆಯವರಾ! ಅವರು ಕಟ್ಟಿದ ನನ್ನ ಮನೆ ನೀನು ನೋಡಿಲ್ಲ.

ಮಗಳು: ಅದೇ ಸರ್! ಎಲ್ಲರ ಗೋಡೆನೂ ಪೂರ್ತಿ ಸಂಖ್ಯೆಗೇ ಬಂದು ನಿಲ್ಲೋಕೆ ಸಾಧ್ಯನೇ ಇಲ್ಲ. ಸೋಫಾ ಬೇಕು ಅನ್ನೋ ಆಸೆಗೆ ಜನ ಮೇಲಕ್ಕೆ ದೂಡ್ತಿದಾರೆ. ಎಷ್ಟು ದೂಡ್ತಾರೆ ಅಂತ ಲೆಕ್ಕ ಹಾಕಿ ನಾವು ಮೊದಲೇ ಕಳೆದುಬಿಟ್ರೆ, ಯಾರ ಮನೆಯಲ್ಲೂ ಸಿಕ್ಕಿಕೊಳ್ಳಲ್ಲ.

ಮ್ಯಾನೇಜರು ಸೋಫಾದ ಬೆನ್ನನ್ನು ಸವರಿದರು. ಸಿಕ್ಕಿಕೊಂಡ ಸೋಫಾಗಳಿಗಾಗಿ ಅವರು ಲೋಡಿಂಗಿನವರನ್ನು ಬೈದಿದ್ದರು, ಸೋಫಾದ ಸ್ಪಂಜು ಕಡಿಮೆ ಮಾಡಿಸಿದ್ದರು, ವ್ಯಾನು ಬದಲಾಯಿಸಿದ್ದರು. ಗಿರಾಕಿಯ ಬಾಯಿಂದ ಬಂದ ಸಂಖ್ಯೆಯನ್ನು ಮಾತ್ರ ಯಾರೂ ಅನುಮಾನಿಸಿರಲಿಲ್ಲ. ಗಿರಾಕಿ ಸುಳ್ಳು ಹೇಳುತ್ತಾನೆ, ಸಂಖ್ಯೆ ಸುಳ್ಳು ಹೇಳುವುದಿಲ್ಲ ಎಂದು ಅವರ ನಂಬಿಕೆ.

ಮ್ಯಾನೇಜರ್: ಆ ಲೆಕ್ಕ ನೀನು ಹಾಕ್ತೀಯಾ?

ಮಗಳು: ಹಾಕ್ತೀನಿ ಸರ್. ಆದ್ರೆ ಒಂದು ವರ್ಷ ಬೇಕಾಗತ್ತೆ.

ಮ್ಯಾನೇಜರ್: ಪ್ಲೇಸ್‌ಮೆಂಟು ಇರೋದು ಅಷ್ಟೇ ತಾನೇ? ನಾಳೆಯಿಂದ ಶುರು ಮಾಡು. ಸೋಫಾ ಸಿಕ್ಕಿಕೊಂಡಿದ್ದಕ್ಕೇ ನೀನು ಪಾಸು.

ಹೆಂಡತಿ ಮಗಳನ್ನು ತಬ್ಬಿಕೊಂಡಳು. ಆ ಕಡೆ ಕರಿಹಲಗೆ ಸೋತಿತು. ಸಂದಿನಲ್ಲಿದ್ದ ಮೀಸೆ ಒಮ್ಮೆ ಜೋಲಿತು. ಆದರೆ ಮೇಷ್ಟ್ರು ಬಹಳ ಹೊತ್ತು ಸೋತಿರುವ ಜಾತಿಯಲ್ಲ. ಸ್ವಲ್ಪದರಲ್ಲೇ ಅದು ಮತ್ತೆ ಎದ್ದು ನಿಂತಿತು.

ಮೇಷ್ಟ್ರು: ಒಂದ್ನಿಮಿಷ, ಒಂದ್ನಿಮಿಷ. ನಾನು ಆ ಎಂಬತ್ತೆರಡು ಹೇಳದೇ ಇದ್ದಿದ್ರೆ ನಿಮಗೆ ಇದು ಗೊತ್ತಾಗ್ತಿತ್ತಾ ಸರ್?

ಮ್ಯಾನೇಜರ್: ಇಲ್ಲ ಮೇಷ್ಟ್ರೇ, ಗೊತ್ತಾಗ್ತಿರಲಿಲ್ಲ.

ಮೇಷ್ಟ್ರು: ಕೇಳಿಸ್ತೇನೇ? ಇಡೀ ಕಂಪನಿಯ ರೋಗ ಕಂಡುಹಿಡಿದವನು ನಾನು!

ಹೆಂಡತಿ: ರೋಗ ಬಂದವರೆಲ್ಲ ಡಾಕ್ಟರಲ್ಲ ರೀ.

ಮೇಷ್ಟ್ರು: ನೀನು ಸುಮ್ಮನಿರೇ. ಸರ್, ಇದಕ್ಕೊಂದು ಹೆಸರು ಇಡಬೇಕು. ನನ್ನ ಹೆಸರೇ ಇಡಿ ಅಂತ ನಾನು ಹೇಳಲ್ಲ. ಆದ್ರೆ ಇಟ್ರೆ ಬೇಡ ಅನ್ನಲ್ಲ.

ಮ್ಯಾನೇಜರ್: ಹೆಸರು ಆಮೇಲೆ ನೋಡೋಣ. ನಿಮ್ಮ ಮಗಳ ಲೆಕ್ಕ ಮುಗಿಯೋಕೆ ವರ್ಷ ಬೇಕು, ಗಿರಾಕಿಗಳು ನಾಳೆನೇ ಫೋನ್ ಮಾಡ್ತಾರೆ. ಈಗ ಹೇಳಮ್ಮಾ, ಅವರು ಹೇಳೋ ಅಳತೆ ನಂಬಬಹುದಾ, ಬಿಡಬೇಕಾ ಅಂತ ತಿಳ್ಕೊಳ್ಳೋಕೆ ನಾವು ಅವರನ್ನ ಮೊಟ್ಟಮೊದಲು ಏನು ಕೇಳಬೇಕು?

ಮೇಷ್ಟ್ರು ಕಿವಿಯನ್ನು ಸಂದಿಗೆ ಒತ್ತಿ ಹಿಡಿದರು. ಎಷ್ಟಾದರೂ ತಮ್ಮ ರಕ್ತ, ತಮ್ಮ ಪಾಠ. ಈಗ ಅವಳ ಬಾಯಿಂದ ಬರುವ ಮಾತಿನಲ್ಲಿ ಒಂದು ಸೂತ್ರವಾದರೂ ಇರುತ್ತದೆ, ಅದರಲ್ಲಿ ತಮ್ಮದೊಂದು ಪಾಲಾದರೂ ಇರುತ್ತದೆ. ಮಗಳು ಗೋಡೆ ನೋಡಿದಳು, ಟೇಪು ನೋಡಿದಳು, ಸಂದಿನಲ್ಲಿ ಕೆಂಪಗೆ ಅರಳಿ ಕಾದಿದ್ದ ಅಪ್ಪನ ಕಿವಿ ನೋಡಿದಳು.

ಮಗಳು: ಮನೇಲಿ ಲೆಕ್ಕದ ಮೇಷ್ಟ್ರು ಯಾರಾದ್ರೂ ಇದಾರಾ ಅಂತ ಕೇಳಬೇಕು ಸರ್.